ಶಾಲೆಯ ಬೆಳಗಿನ ಪ್ರಾರ್ಥನೆ ಮಕ್ಕಳ ಮನಸ್ಸಿಗೆ ತಾಗಬೇಕಾದರೆ

ಬಳ್ಳಾರಿಯ ಕ್ರೈಸ್ತ ಹೈಸ್ಕೂಲುಗಳಲ್ಲಿ ಪ್ರಾರ್ಥನೆ ಮುಗಿದ ಮೇಲೆಯೇ ಪಾಠ ಶುರು. ಸಾಲಿನಲ್ಲಿ ನಿಂತವರಲ್ಲಿ ಹಿಂದೂ, ಮುಸ್ಲಿಂ ಮನೆಯ ಮಕ್ಕಳೂ ಬಹಳ ಇರುತ್ತಾರೆ. ಅವರು ಸುಮ್ನೆ ಬಾಯಿ ಆಡಿಸುವಂತಾದರೆ ಅದು ಪ್ರಾರ್ಥನೆಯೇ ಅಲ್ಲ. ಶಾಲೆ ತನ್ನ ನಂಬಿಕೆಯನ್ನು ಮುಚ್ಚಿಡಬೇಕಿಲ್ಲ. ಆದರೆ ಯಾವ ಮಗುವೂ ಮನಸ್ಸಿಲ್ಲದ ಮಾತು ಹೇಳುವಂತಾಗಬಾರದು.

ಮೊದಲು ಪೋಷಕರ ಒಪ್ಪಿಗೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಪೋಷಕರು ಒಪ್ಪದೆ ಮಕ್ಕಳನ್ನು ಪೂಜೆ, ಪ್ರಾರ್ಥನೆಗೆ ಕೂರಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 28(3)ನೇ ವಿಧಿ. ಅಡ್ಮಿಷನ್ ಸಮಯದಲ್ಲೇ ಒಂದು ಹಾಳೆ ಕೊಡಿ. ಪ್ರಾರ್ಥನೆಯಲ್ಲಿ ಏನೇನಿರುತ್ತದೆ ಎಂದು ಕನ್ನಡದಲ್ಲಿ, ಬೇಕಾದವರಿಗೆ ತೆಲುಗು, ಉರ್ದುವಿನಲ್ಲಿ ಬರೆದಿರಲಿ. ಬೇಡ ಎಂದವರ ಮಕ್ಕಳನ್ನು ವರಾಂಡದಲ್ಲಿ ನಿಲ್ಲಿಸದೆ ಲೈಬ್ರರಿಯಲ್ಲಿ ಕೂರಿಸಿ. ಕೇರಳದಲ್ಲಿ ರಾಷ್ಟ್ರಗೀತೆ ಹಾಡದೆ, ಗೌರವದಿಂದ ಎದ್ದು ಮಾತ್ರ ನಿಂತ ಮಕ್ಕಳನ್ನು ಶಾಲೆ ಹೊರಹಾಕಿತ್ತು. ಅದು ತಪ್ಪು ಎಂದು 1986ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ಮಕ್ಕಳು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದವರು. ಅವರಿಗೆ ಸಿಕ್ಕ ಆಸರೆ ನಮ್ಮ ಅಂಗಳದ ಬೇರೆ ಮಕ್ಕಳಿಗೂ ಸಿಗಬೇಕು, ಅಲ್ವಾ?

ಆಮೇಲೆ ಜೂನಿನಲ್ಲೇ ವರ್ಷದ ಪಟ್ಟಿ ಮಾಡಿ. ವಾರಕ್ಕೆ ಒಂದೇ ವಿಷಯ ಸಾಕು. ಡಿಸೆಂಬರಿನಲ್ಲಿ ಕ್ರಿಸ್ಮಸ್ಸಿಗೆ ಕಾಯುವ ವಾರಗಳಿವೆ. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೇ ಬರುತ್ತದೆ, ಆಗ ಭಯದ ಬಗ್ಗೆ ಮಾತಾಡಿ. ಪಟ್ಟಿಯನ್ನು ಬದಿಗಿಡಲೂ ತಯಾರಿರಿ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಕಾಲುವೆ ನೀರು ನಂಬಿದ ಮನೆಗಳಲ್ಲಿ ಎಷ್ಟು ಆತಂಕವಿತ್ತು! ಅಂಥ ವಾರ ಬೇರೆ ವಿಷಯ ಬೇಡವೇ ಬೇಡ.

ಇನ್ನು ಒಂದು ದಿನದ ತಯಾರಿ. ಬಿತ್ತನೆ ಕಾಲದಲ್ಲಿ ಬೈಬಲಿನ ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದ ಬಿತ್ತುವವನ ಸಾಮ್ಯ ತೆಗೆದುಕೊಳ್ಳಿ. ಸಾಮ್ಯ ಎಂದರೆ ಯೇಸು ಹೇಳಿದ ದೃಷ್ಟಾಂತದ ಕಥೆ; ಇದರಲ್ಲಿ ರೈತ ಎರಚಿದ ಕಾಳು ದಾರಿ, ಬಂಡೆ, ಮುಳ್ಳು, ಒಳ್ಳೆಯ ನೆಲ ಎಲ್ಲದರ ಮೇಲೂ ಬೀಳುತ್ತದೆ. 3ರಿಂದ 8ನೇ ವಚನ ಸಾಕು. ಮೇಜಿನ ಮೇಲೆ ಒಂದು ಬಂಡೆ ಚೂರು, ಬಳ್ಳಾರಿ ಜಾಲಿಯ ಮುಳ್ಳಿನ ಟೊಂಗೆ, ಒಂದು ಬೊಗಸೆ ಎರೆಮಣ್ಣು, ಹಿಡಿ ಜೋಳ ಇಡಿ. ಒಬ್ಬ ಹುಡುಗಿ ನಿಧಾನವಾಗಿ ಓದಲಿ. ಇನ್ನೊಬ್ಬರು ಆಯಾ ಮಾತಿಗೆ ಸರಿಯಾಗಿ ಕಾಳು ಚೆಲ್ಲುತ್ತಾ ಹೋಗಲಿ. ಹೊಲ ಕಂಡ ಮಕ್ಕಳು ಕೇಳಿಯೇ ಕೇಳುತ್ತಾರೆ: ಕೂರಿಗೆಯಲ್ಲಿ ಬಿತ್ತಿದ್ದರೆ ಕಾಳು ದಾರಿ ಮೇಲೆ ಯಾಕೆ ಬೀಳುತ್ತಿತ್ತು? ಈ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಕಲ್ಲು, ಮುಳ್ಳು ಎಂದು ನೋಡದೆ ಎಲ್ಲ ಕಡೆಗೂ ಕಾಳು ಎರಚಿದ ಆ ಕೈ ಎಂಥದ್ದು ಎಂದು ಅವರನ್ನೇ ಕೇಳಿ. ಉತ್ತರ ನೀವು ಹೇಳಬೇಡಿ. ಒಂದು ನಿಮಿಷ ಎಲ್ಲರೂ ಸುಮ್ಮನಿರಲಿ.

ಪ್ರಾರ್ಥನೆಗೆ ಮುಂಚೆ ಹೀಗೆ ಹೇಳಿ: ‘ನಾನು ಪ್ರಾರ್ಥನೆ ಮಾಡ್ತೀನಿ. ನಿಮಗೆ ಒಪ್ಪಿಗೆ ಅನಿಸಿದರೆ ಕೊನೆಗೆ ಆಮೆನ್ ಅನ್ನಿ. ಇಲ್ಲಾಂದ್ರೆ ನಿಮ್ಮ ಮನೆಯವರನ್ನು ನೆನೆಸಿಕೊಂಡು ನಿಲ್ಲಿ.’ ಇಷ್ಟು ಹೇಳಿದರೆ ಮಕ್ಕಳ ಹೆಗಲು ಹಗುರಾಗುತ್ತದೆ.

ತಯಾರಿಯ ಕೆಲಸ ಮಕ್ಕಳಿಗೇ ಬಿಡಿ. ವಾರಕ್ಕೊಂದು ತರಗತಿ. ಚೆನ್ನಾಗಿ ಮಾತಾಡುವ ನಾಲ್ವರೇ ಪ್ರತಿಸಲ ಮೈಕ್ ಹಿಡಿಯಬಾರದು. ತೊದಲುವ ಹುಡುಗನಿಗೆ ಒಂದೇ ಸಾಲು ಕೊಡಿ, ಹಿಂದಿನ ದಿನವೇ ಕೊಡಿ.

ಮಾರ್ಚ್ ಬಿಸಿಲಿನಲ್ಲಿ ಹತ್ತು ನಿಮಿಷ ಮೀರಬೇಡಿ, ಅದೂ ನೆರಳಿನಲ್ಲಿ. ಪ್ರಾರ್ಥನೆ ಮುಗಿದ ಕೂಡಲೇ ಅದೇ ಮೈಕಿನಲ್ಲಿ ಫೀಸು ಕಟ್ಟದವರ ಹೆಸರು ಓದುವುದನ್ನು ನಿಲ್ಲಿಸಲೇಬೇಕು. ಆ ಮಾತು ಪೋಷಕರ ಜೊತೆ, ಆಫೀಸಿನಲ್ಲಿ ಆಗಲಿ.