ಅಗಲ ಚೌಕಟ್ಟಿನ ಎರಡು ತುದಿಗಳು

ಪನೋರಮಾ ಕ್ಯಾಮೆರಾ ಮೊದಲ ಬಾರಿಗೆ ಕೈಗೆ ಬಂದಾಗ, ಕಣ್ಣಿಗೆ ಕಂಡದ್ದೆಲ್ಲವೂ ಇನ್ನು ಚಿತ್ರದೊಳಗೆ ಬಂದೇ ಬರುತ್ತದೆ ಎಂಬ ನಂಬಿಕೆಯಿಂದ ಬೆಟ್ಟದ ಸಾಲೊಂದರ ಎದುರು ನಿಂತು ಇಡೀ ರೋಲನ್ನು ಮುಗಿಸಿದ್ದೆ. ಅದು 1998ರಲ್ಲಿ ಹ್ಯಾಸೆಲ್‌ಬ್ಲಾಡ್ ಮತ್ತು ಫ್ಯೂಜಿಫಿಲ್ಮ್ ಸಂಸ್ಥೆಗಳು ಜೊತೆಗೂಡಿ ಹೊರತಂದ ಎಕ್ಸ್‌ಪ್ಯಾನ್ ಕ್ಯಾಮೆರಾ. ಸಾಮಾನ್ಯ 35 ಮಿ.ಮೀ. ಫಿಲ್ಮಿನ ಮೇಲೆಯೇ ಅದು 24×36ರ ಬದಲು 24×65 ಮಿ.ಮೀ. ಅಳತೆಯ ಚಿತ್ರವನ್ನು ಮೂಡಿಸುತ್ತದೆ. ಹೀಗಾಗಿ 36 ಚಿತ್ರಗಳ ರೋಲಿನಲ್ಲಿ 21 ಚಿತ್ರಗಳು ಮಾತ್ರ ಸಿಗುತ್ತವೆ. ಸಂಸ್ಕರಿಸಿದ ಫಿಲ್ಮನ್ನು ಬೆಳಕಿಗೆ ಹಿಡಿದಾಗ ಆ 21 ಪಟ್ಟಿಗಳೂ ಒಂದೇ ತೆರನಾಗಿದ್ದವು. ಕೆಳಗೊಂದು ಬೆಟ್ಟದ ಗೆರೆ, ಮೇಲೆ ಖಾಲಿ ಆಕಾಶ, ನಡುವೆ ಸಣ್ಣದೊಂದು ಮರ, ಎರಡೂ ತುದಿಗಳಲ್ಲಿ ಏನೂ ಇಲ್ಲ.

ತಪ್ಪು ಎಲ್ಲಿದೆ ಎಂದು ಅರಿಯಲು ಆ ಅಳತೆಯನ್ನೇ ಮತ್ತೆ ನೋಡಬೇಕಾಯಿತು. ಅಗಲ 36ರಿಂದ 65ಕ್ಕೆ ಏರಿದರೂ ಎತ್ತರ 24 ಮಿ.ಮೀ.ಗಳಲ್ಲೇ ನಿಂತಿದೆ. ಬದಿಗಳಲ್ಲಿ ಹೆಚ್ಚು ಜಾಗ ಸಿಕ್ಕಿತೆಂದು ನಾನು ಹಿಂದೆ ಹಿಂದೆ ಸರಿದಷ್ಟೂ ಎದುರಿನ ವಸ್ತುಗಳು ಕುಗ್ಗಿ, ಆ ಕಿರಿದಾದ ಎತ್ತರದಲ್ಲಿ ದಾರದಂತಾಗುತ್ತಿದ್ದವು. ಹಾಗಾಗಿ ಮುಂದಿನ ರೋಲಿನಲ್ಲಿ ನೇರ ವಿರುದ್ಧವಾಗಿ ನಡೆದುಕೊಂಡೆ. ಕಲ್ಲಾಗಲಿ, ಬೇರಾಗಲಿ, ಮನುಷ್ಯನಾಗಲಿ, ಏನಾದರೊಂದು ಚೌಕಟ್ಟಿನ ಎತ್ತರದ ಅರ್ಧವನ್ನಾದರೂ ತುಂಬುವಷ್ಟು ಹತ್ತಿರಕ್ಕೆ ಹೋಗಿ, ಅದನ್ನು ನಡುವೆ ಇಡದೆ ಒಂದು ಪಕ್ಕಕ್ಕೆ ಇಟ್ಟೆ. ಈ ಒಂದು ಬದಲಾವಣೆಯಿಂದಲೇ ಚಿತ್ರಗಳಿಗೆ ಆಳ ಬಂದಿತು.

ನಿಜವಾದ ಪಾಠ ಸಿಕ್ಕಿದ್ದು ಒಂದು ನದಿಯ ದಡದಲ್ಲಿ. ಎಡಗಡೆ ನೀರಿನತ್ತ ಬಾಗಿದ ಒಂದು ಕಾಂಡ ನನ್ನಿಂದ ಮೂರು ಹೆಜ್ಜೆ ದೂರದಲ್ಲಿತ್ತು. ಅದರ ಆಚೆಗೆ ಬರಿಯ ನೀರು. ವ್ಯೂಫೈಂಡರಿನಲ್ಲಿ ನೋಡಿದಾಗ ಎಡತುದಿ ಭಾರವಾಗಿ ಇಡೀ ಚೌಕಟ್ಟು ಅತ್ತ ವಾಲಿದಂತೆ ಕಾಣುತ್ತಿತ್ತು. ಕಾದೆ. ಬಹಳ ಹೊತ್ತಿನ ನಂತರ ಎದುರು ದಡದಿಂದ ಒಂದು ದೋಣಿ ಹೊರಟು, ಬಲತುದಿಗೆ ಸ್ವಲ್ಪವೇ ಒಳಗಿರುವ ಜಾಗಕ್ಕೆ ಬಂದಾಗ ಶಟರ್ ಒತ್ತಿದೆ. ದೋಣಿ ಚಿತ್ರದಲ್ಲಿ ಬೆರಳಿನ ಉಗುರಿನಷ್ಟೂ ಇಲ್ಲ, ಆದರೂ ಅದು ದೊಡ್ಡ ಕಾಂಡವನ್ನು ತೂಗಿ ನಿಲ್ಲಿಸಿತು. ನಡುವಿನ ಅರ್ಧಭಾಗದಲ್ಲಿ ನೀರಿನ ಹೊರತು ಬೇರೇನೂ ಇರಲಿಲ್ಲ. ಆದರೆ ಅಲ್ಲಿ ಏನೋ ಕಡಿಮೆಯಾಗಿದೆ ಎಂದು ಯಾರಿಗೂ ಅನಿಸಲಿಲ್ಲ, ಏಕೆಂದರೆ ಕಣ್ಣು ಕಾಂಡದಿಂದ ದೋಣಿಗೆ ಹೋಗಿ ಮತ್ತೆ ಮರಳುವಾಗ ಆ ನೀರನ್ನೇ ದಾಟಬೇಕು. ಅಂದಿನಿಂದ ನಾನು ಮೊದಲು ಎರಡು ತುದಿಗಳನ್ನು ಹುಡುಕುತ್ತೇನೆ, ನಡುವನ್ನು ಆಮೇಲೆ ನೋಡುತ್ತೇನೆ. ಒಂದು ತುದಿ ಸಿಗದಿದ್ದರೆ ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡು ಮುಂದೆ ನಡೆಯುತ್ತೇನೆ.

ಸಮತಟ್ಟಿನ ವಿಷಯದಲ್ಲಿ ಈ ಚೌಕಟ್ಟು ಬಹಳ ಕಟ್ಟುನಿಟ್ಟಿನದು. ಕ್ಯಾಮೆರಾ ಒಂದೇ ಒಂದು ಡಿಗ್ರಿ ವಾಲಿದರೂ 65 ಮಿ.ಮೀ. ಅಗಲದಲ್ಲಿ ದಿಗಂತದ ಒಂದು ತುದಿ ಇನ್ನೊಂದಕ್ಕಿಂತ ಸುಮಾರು 1.1 ಮಿ.ಮೀ. ಮೇಲೇರುತ್ತದೆ, 24 ಮಿ.ಮೀ. ಎತ್ತರದಲ್ಲಿ ಅದು ಶೇಕಡ 5ರ ಸಮೀಪದ ಪಾಲು. ಸಾಮಾನ್ಯ ಚೌಕಟ್ಟಿನಲ್ಲಿ ಇದೇ ವಾಲುವಿಕೆ ಅದರ ಅರ್ಧದಷ್ಟೇ ಕಾಣುತ್ತದೆ. ಆದ್ದರಿಂದ ಕ್ಯಾಮೆರಾದ ಮೇಲೆ ಕೂರುವ ಪುಟ್ಟ ನೀರುಮಟ್ಟವಿಲ್ಲದೆ ನಾನು ಸಮುದ್ರದ ಚಿತ್ರ ತೆಗೆಯುವುದಿಲ್ಲ.

ಅಂಚುಗಳು ಕಪ್ಪಾಗುವುದು ಇನ್ನೊಂದು ತೊಡಕು, ಮತ್ತು ಇದು ಯಾವುದೇ ಅಗಲ ಲೆನ್ಸಿನ ಸಹಜ ಗುಣ. ಬೆಳಕು ಲೆನ್ಸಿನ ನಡುಗೆರೆಯಿಂದ ಓರೆಯಾಗಿ ಬಂದಷ್ಟೂ ಅದರ ತೀವ್ರತೆ ಆ ಕೋನದ ಕೊಸೈನಿನ ನಾಲ್ಕನೆಯ ಘಾತದಂತೆ ಇಳಿಯುತ್ತದೆ. 35 ಡಿಗ್ರಿ ಓರೆಯಲ್ಲಿ ಲೆಕ್ಕದ ಪ್ರಕಾರ ಉಳಿಯುವುದು ನಡುವಿನ ಬೆಳಕಿನ ಶೇಕಡ 45 ಮಾತ್ರ. ಎಕ್ಸ್‌ಪ್ಯಾನಿನ 45 ಮಿ.ಮೀ. ಲೆನ್ಸಿನಲ್ಲಿ, ನೆಗೆಟಿವ್ ಇಲ್ಲದೆ ನೇರವಾಗಿ ಚಿತ್ರವನ್ನೇ ಕೊಡುವ ಸ್ಲೈಡ್ ಫಿಲ್ಮ್ ಬಳಸುವಾಗ, ನಡುಭಾಗದಲ್ಲಿ ಮಬ್ಬಾಗಿ ಅಂಚಿನತ್ತ ತಿಳಿಯಾಗುವ ಸೆಂಟರ್ ಫಿಲ್ಟರನ್ನು ಹಾಕಿ, ಅದು ನುಂಗುವ ಬೆಳಕಿಗಾಗಿ ಎಕ್ಸ್‌ಪೋಷರ್ ಹೆಚ್ಚಿಸುತ್ತೇನೆ. ನೆಗೆಟಿವ್ ಫಿಲ್ಮಿನಲ್ಲಾದರೆ ಲೆನ್ಸಿನ ಬೆಳಕಿನ ಕಿಂಡಿಯಾದ ಅಪರ್ಚರನ್ನು ಎಫ್/11ರವರೆಗೆ ಕಿರಿದುಗೊಳಿಸಿ, ಉಳಿದದ್ದನ್ನು ಮುದ್ರಿಸುವಾಗ ಸರಿಪಡಿಸುವುದೇ ನನಗೆ ಹಿತ. ಧ್ರುವೀಕರಣಗೊಂಡ, ಎಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ, ಬೆಳಕನ್ನು ತಡೆಯುವ ಪೋಲರೈಸರ್ ಫಿಲ್ಟರನ್ನು ಮಾತ್ರ ಪೂರ್ತಿ ಬಿಟ್ಟಿದ್ದೇನೆ. ಆಕಾಶದ ಬೆಳಕು ಸೂರ್ಯನಿಂದ 90 ಡಿಗ್ರಿ ದೂರದಲ್ಲಿ ಹೆಚ್ಚು ಧ್ರುವೀಕರಣಗೊಂಡಿರುವುದರಿಂದ, ಅಗಲದ ಚಿತ್ರದಲ್ಲಿ ಒಂದು ಕಡೆ ಕಡುನೀಲಿಯ ಕಲೆ ಬಿದ್ದು ಆಕಾಶವೆಲ್ಲ ಕೆಡುತ್ತದೆ.

72 ಡಿಗ್ರಿಯಷ್ಟು ಕಾಣುವ ಆ 45 ಮಿ.ಮೀ. ಲೆನ್ಸ್ ಸಾಲದ ಕಡೆ ಡಿಜಿಟಲ್ ಕ್ಯಾಮೆರಾದಲ್ಲಿ ಹಲವು ಚಿತ್ರಗಳನ್ನು ತೆಗೆದು ತಂತ್ರಾಂಶದಲ್ಲಿ ಒಂದಕ್ಕೊಂದು ಹೊಲಿಯುತ್ತೇನೆ. 50 ಮಿ.ಮೀ. ಲೆನ್ಸಿರುವ ಫುಲ್ ಫ್ರೇಮ್ (24×36 ಮಿ.ಮೀ. ಚೌಕಟ್ಟಿನ) ಕ್ಯಾಮೆರಾವನ್ನು ನಿಲುವಾಗಿ ಹಿಡಿದರೆ ಒಂದು ಚಿತ್ರ ಅಡ್ಡಲಾಗಿ ಸುಮಾರು 27 ಡಿಗ್ರಿ ಕಾಣುತ್ತದೆ; ಮೂರನೆಯ ಒಂದು ಭಾಗ ಒಂದರ ಮೇಲೊಂದು ಬರುವಂತೆ 18 ಡಿಗ್ರಿಗೊಮ್ಮೆ ತಿರುಗಿಸಿದರೆ 6 ಚಿತ್ರಗಳಲ್ಲಿ 117 ಡಿಗ್ರಿ ಸಿಗುತ್ತದೆ. ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಮೊದಲೇ ಮ್ಯಾನುಯಲ್‌ನಲ್ಲಿ ನಿಲ್ಲಿಸಿಬಿಡಬೇಕು. ಆರಂಭದಲ್ಲಿ ನನ್ನ ಹೊಲಿಗೆಗಳಲ್ಲಿ ದೂರದ ಬೆಟ್ಟ ಸರಿಯಾಗಿ ಕೂಡಿಕೊಂಡರೂ ಹತ್ತಿರದ ಬೇಲಿ ತುಂಡಾಗುತ್ತಿತ್ತು. ಕ್ಯಾಮೆರಾ ತನ್ನ ಟ್ರೈಪಾಡ್ ತಿರುಪಿನ ಸುತ್ತ ತಿರುಗುತ್ತಿದ್ದುದೇ ಅದಕ್ಕೆ ಕಾರಣ. ರೂಢಿಯಲ್ಲಿ ನೋಡಲ್ ಪಾಯಿಂಟ್ ಎನ್ನುವ, ವಾಸ್ತವದಲ್ಲಿ ಲೆನ್ಸನ್ನು ಮುಂದಿನಿಂದ ನೋಡಿದಾಗ ಅಪರ್ಚರ್ ಇರುವಂತೆ ಕಾಣುವ ಜಾಗದ ಸುತ್ತ ಅದು ತಿರುಗಬೇಕು. ಒಂದು ಹತ್ತಿರದ ಮತ್ತು ಒಂದು ದೂರದ ಕಂಬವನ್ನು ಒಂದೇ ಗೆರೆಗೆ ತಂದು, ಕ್ಯಾಮೆರಾವನ್ನು ಎಡಬಲಕ್ಕೆ ತಿರುಗಿಸಿದರೂ ಅವು ಬೇರೆಯಾಗದ ಜಾಗ ಸಿಗುವವರೆಗೆ, ಟ್ರೈಪಾಡಿನ ಮೇಲೆ ಕೂರಿಸಿದ ಜಾರುಪಟ್ಟಿಯಾದ ರೇಲಿನ ಮೇಲೆ ಅದನ್ನು ಹಿಂದೆ ಸರಿಸುತ್ತಾ ಹೋದೆ. ಆ ಜಾಗವನ್ನು ರೇಲಿನ ಮೇಲೆ ಗೀರಿ ಗುರುತಿಸಿಕೊಂಡ ಮೇಲೆ ಬೇಲಿ ಮತ್ತೆಂದೂ ತುಂಡಾಗಿಲ್ಲ.

ಫ್ರೀಡ್ರಿಶ್ ಫಾನ್ ಮಾರ್ಟೆನ್ಸ್ ಎಂಬ ಛಾಯಾಗ್ರಾಹಕರು 1840ರ ದಶಕದಲ್ಲಿಯೇ ಲೆನ್ಸನ್ನು ತಿರುಗಿಸಿ, ಡಾಗೆರೋಟೈಪ್ ಎಂಬ ಬೆಳ್ಳಿ ಲೇಪಿತ, ಬಾಗಿದ ಲೋಹದ ಫಲಕದ ಮೇಲೆ ಸುಮಾರು 150 ಡಿಗ್ರಿಯ ನೋಟವನ್ನು ಮೂಡಿಸಿದ್ದರು. ಹೊಲಿದ ಚಿತ್ರವನ್ನು ತಂತ್ರಾಂಶದಲ್ಲಿ ಸಿಲಿಂಡರಿನ ಮೇಲೆ ಹರಡಿದಾಗ ಆಗುವುದೂ ಬಹುಮಟ್ಟಿಗೆ ಅದೇ: ನನ್ನೆದುರು ಅಡ್ಡಹಾಯುವ ನೇರ ರಸ್ತೆ ಬಿಲ್ಲಿನಂತೆ ಬಾಗುತ್ತದೆ. ಗೆರೆಗಳನ್ನು ನೇರವಾಗಿಯೇ ಉಳಿಸಿಕೊಳ್ಳಲು ಹೋದರೆ 117 ಡಿಗ್ರಿಯ ತುದಿಗಳಲ್ಲಿ ನಿಂತವರ ಮುಖಗಳು ಅಡ್ಡಡ್ಡಲಾಗಿ ಹಿಗ್ಗುತ್ತವೆ. ಕಟ್ಟಡಗಳಿದ್ದಲ್ಲಿ ನೇರ ಗೆರೆಗಳನ್ನು ಆರಿಸಿಕೊಂಡು ಕೋನವನ್ನೇ ತಗ್ಗಿಸುತ್ತೇನೆ. ಜನರಿದ್ದಲ್ಲಿ ರಸ್ತೆ ಬಾಗಿದರೆ ಬಾಗಲಿ ಎನ್ನುತ್ತೇನೆ.

ನದಿಯ ಆ ಚಿತ್ರವನ್ನು 90 ಸೆಂ.ಮೀ. ಅಗಲಕ್ಕೆ ಮುದ್ರಿಸಿದಾಗ ಅದರ ಎತ್ತರ 33 ಸೆಂ.ಮೀ.ಗಳಷ್ಟೇ ಬಂದಿತು. ನೋಡಲು ಬಂದವರು ಮೊದಲು ಎಡಗಡೆಯ ಕಾಂಡದ ಮುಂದೆ ನಿಂತು, ಆಮೇಲೆ ಮೆಲ್ಲನೆ ಬಲಕ್ಕೆ ಸರಿದು, ದೋಣಿಯತ್ತ ಬಾಗಿ ನೋಡುತ್ತಾರೆ.