ಯಾರು ಯಾರೊಡನೆ ಯಾವ ಭಾಷೆ: ನನ್ನ ಕಾದಂಬರಿಯನ್ನು ಎಬ್ಬಿಸಿದ ಒಂದು ಹಾಳೆ

ನನ್ನ ಕಾದಂಬರಿಯ ಮೊದಲ ಕರಡು ಎಂಬತ್ತನೆಯ ಪುಟಕ್ಕೆ ನಿಂತುಹೋಗಿತ್ತು. ಕಥೆ, ಸುರಂಗ ತೋಡುವ ಒಬ್ಬ ಕೆಲಸಗಾರ ಮತ್ತು ಅವನ ಮಗಳು ದೇಯಿಯದು. ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕದ ಕಡೆ ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗಗಳಿವೆ. ಒಬ್ಬ ಮನುಷ್ಯ ಹೊಕ್ಕು ಪಿಕ್ಕಾಸು ಆಡಿಸುವಷ್ಟೇ ಅಗಲ. ಆ ಕತ್ತಲು, ಆ ತೇವ ನನಗೆ ಚೆನ್ನಾಗಿ ಗೊತ್ತು. ಆದರೆ ಪಾತ್ರಗಳು ಬಾಯಿ ತೆರೆದೊಡನೆ ಎಲ್ಲರದೂ ಒಂದೇ ಪಠ್ಯಪುಸ್ತಕದ ಕನ್ನಡ.

ಕಾಸರಗೋಡಿನ ಬದುಕು ಹಾಗಿಲ್ಲ. ತೋಟದ ಯಜಮಾನ ಮನೆಯೊಳಗೆ ಹವ್ಯಕ ಭಾಷೆ ಆಡುತ್ತಾನೆ, ಅಂಗಳಕ್ಕಿಳಿದರೆ ತುಳು, ಅಡಿಕೆ ವ್ಯಾಪಾರಿಯೊಡನೆ ಬ್ಯಾರಿ, ಕಚೇರಿಯಲ್ಲಿ ಮಲಯಾಳ. ಭಾಷೆ ಬದಲಾದಾಗ ಅವನ ನಿಲುವೂ ಗತ್ತೂ ಬದಲಾಗುತ್ತವೆ. ಅದನ್ನು ಬಿಟ್ಟು ಈ ನೆಲದ ಕಥೆ ಬರೆಯಲು ಸಾಧ್ಯವೇ ಇಲ್ಲ ಎಂದು ನನಗೆ ಈಗಲೂ ಅನಿಸುತ್ತದೆ.

ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಹಾಕಿ ಚೌಕಗಳನ್ನು ಎಳೆದೆ. ಎಡಕ್ಕೆ ಹನ್ನೊಂದು ಪಾತ್ರಗಳು, ಮೇಲೆಯೂ ಅದೇ ಹನ್ನೊಂದು. ಪ್ರತಿ ಚೌಕದಲ್ಲಿ ಎರಡೇ ವಿಷಯ: ಇವನು ಅವಳೊಡನೆ ಯಾವ ಭಾಷೆ ಆಡುತ್ತಾನೆ, ಏನೆಂದು ಕರೆಯುತ್ತಾನೆ. ತುಂಬಲು ಮೂರು ಸಂಜೆ ಹಿಡಿಯಿತು. ಕರೆಯುವ ಮಾತೇ ಕಷ್ಟದ್ದು. ತುಳುವಿನಲ್ಲಿ ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ; ಹವ್ಯಕರ ಮನೆಯಲ್ಲಿ ತಾಯಿ ‘ಅಬ್ಬೆ’. ಕರಡು ಓದಿದ ಧಾರವಾಡದ ಗೆಳತಿ, ದೇಯಿ ‘ಅಮ್ಮೆ’ ಎಂದು ಕೂಗಿದ ಕಡೆಯಲ್ಲೆಲ್ಲ ತಾಯಿಯನ್ನೇ ಕಂಡಿದ್ದಳು. ಮೊದಲ ಕೂಗಿನಲ್ಲೇ ಅಪ್ಪ ಸುರಂಗದ ಬಾಯಿಂದ ಹೊರಬರುವಂತೆ ತಿದ್ದಿದೆ. ಅಡಿಟಿಪ್ಪಣಿ ಬೇಕಾಗಲಿಲ್ಲ.

ಹಾಳೆ ನನಗೆ ಹೆಚ್ಚು ಕೊಟ್ಟದ್ದು ಖಾಲಿ ಉಳಿದ ಚೌಕಗಳಿಂದ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ನಂತರ ತೆಂಕಣದಿಂದ ವರ್ಗವಾಗಿ ಬಂದ, ಮಲಯಾಳವಷ್ಟೇ ಬಲ್ಲ ಕಂದಾಯ ಗುಮಾಸ್ತನಿಗೂ ದೇಯಿಯ ತಂದೆಗೂ ನಡುವೆ ಒಂದು ಭಾಷೆಯೂ ಇರಲಿಲ್ಲ. ಆ ಚೌಕವನ್ನು ದಿಟ್ಟಿಸುತ್ತಾ ಕುಳಿತಾಗ, ಇಬ್ಬರ ನಡುವೆ ಹತ್ತು ವರ್ಷದ ದೇಯಿಯನ್ನು ನಿಲ್ಲಿಸಬೇಕೆಂದು ಹೊಳೆಯಿತು. ಅಪ್ಪನ ಸಿಟ್ಟಿನ ಮಾತನ್ನು ಆಕೆ ಮೆತ್ತಗೆ ಮಾಡಿ ದಾಟಿಸುತ್ತಾಳೆ. ಅದೇ ಈಗ ಕಾದಂಬರಿಯ ನಡು ಅಧ್ಯಾಯ. ಕೋಷ್ಟಕ ಹಾಕಿದರೆ ಕಲ್ಪನೆ ಬತ್ತುತ್ತದೆ ಎನ್ನುವವರಿದ್ದಾರೆ. ನನಗೆ ಕಥೆ ಸಿಕ್ಕಿದ್ದೇ ಕೋಷ್ಟಕದಲ್ಲಿ.

ಎರಡನೆಯದು ವರ್ಷಗಳ ಪಟ್ಟಿ. ಇದನ್ನು ಕಂಪ್ಯೂಟರಿನಲ್ಲಿ, ಗೂಗಲ್ ಶೀಟ್‌ನಲ್ಲಿ ಇಟ್ಟಿದ್ದೇನೆ: ಒಂದು ಸಾಲಿಗೆ ಒಂದು ವರ್ಷ, ಪಕ್ಕದಲ್ಲಿ ಪಾತ್ರಗಳ ವಯಸ್ಸು, ಅದರಾಚೆ ನಾಡಿನಲ್ಲಿ ನಡೆದದ್ದು. 1955ರಲ್ಲಿ ಯಜಮಾನನು ಕಣ್ಣೂರಿನ ಕಲೆಕ್ಟರಿಗೆ ಅರ್ಜಿ ಬರೆಯುವಂತೆ ಮಾಡಿದ್ದೆ. ಆಗ ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದಲ್ಲಿದ್ದೆವು, ಅರ್ಜಿ ಹೋಗಬೇಕಾದದ್ದು ಮಂಗಳೂರಿಗೆ. ಕಣ್ಣೂರು ಜಿಲ್ಲೆ ಆದದ್ದೇ 1957ರ ಜನವರಿಯಲ್ಲಿ. ಅದೇ ವರ್ಷ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂತು, ಹಾಗಾಗಿ ಅದಕ್ಕೆ ಮೊದಲಿನ ಕೂಲಿಯನ್ನೆಲ್ಲ ಆಣೆಗೆ ತಿರುಗಿಸಿದೆ. ಕಾಸರಗೋಡು ಜಿಲ್ಲೆ ಎಂಬ ಮಾತು 1984ರ ತನಕ ಯಾರ ಬಾಯಲ್ಲೂ ಬರುವಂತಿಲ್ಲ. ತುಳು ತಿಂಗಳುಗಳಿಗೂ ಒಂದು ಕಂಬಸಾಲು ಸೇರಿಸಿದೆ, ಏಕೆಂದರೆ ಆಟಿಯ ಜಡಿಮಳೆಯಲ್ಲಿ ಅಂಗಳದ ತುಂಬ ಅಡಿಕೆ ಒಣಹಾಕಿಸಿದ್ದೆ. ಊರಿನ ಓದುಗರು ಅದನ್ನು ಕ್ಷಮಿಸುವುದಿಲ್ಲ, ಕ್ಷಮಿಸಲೂಬಾರದು.

ಉಳಿದವು ಸಣ್ಣ ಅಭ್ಯಾಸಗಳು. ಸಂಭಾಷಣೆಯನ್ನು ಮೊಬೈಲಿನಲ್ಲಿ ಓದಿ ಧ್ವನಿಮುದ್ರಿಸಿ ಮರುದಿನ ಕೇಳುತ್ತೇನೆ. ನಾಲಿಗೆ ತಡವರಿಸಿದಲ್ಲಿ ವಾಕ್ಯ ಮುರಿಯುತ್ತೇನೆ. ಯೂನಿಕೋಡಿನಲ್ಲೇ ಟೈಪ್ ಮಾಡುತ್ತೇನೆ. ಬೆಳಗ್ಗೆ ಐದೂವರೆಯಿಂದ ಏಳು ನನ್ನ ಸಮಯ, ಮುಂದಿನ ಮಾತು ಏನೆಂದು ಗೊತ್ತಿರುವಾಗಲೇ ಎದ್ದುಬಿಡುತ್ತೇನೆ.

ಮೊನ್ನೆ ಹಾಳೆಯ ಕೆಳಗೆ ಹನ್ನೆರಡನೆಯ ಸಾಲು ಎಳೆದೆ, ಗುಮಾಸ್ತನ ಹೆಂಡತಿಗೆ. ಅವಳು ದೇಯಿಯ ಮನೆಯ ಬಾಗಿಲಲ್ಲಿ ನಿಂತು ‘ವೆಳ್ಳಂ’ ಕೇಳುತ್ತಾಳೆ, ಕುಡಿಯಲು ನೀರು. ದೇಯಿಯ ಅಜ್ಜಿಯ ಕಿವಿಗೆ ಅದು ತುಳುವಿನ ‘ಬೊಳ್ಳ’ದಂತೆ ಬೀಳುತ್ತದೆ, ಎಂದರೆ ನೆರೆ. ಅಜ್ಜಿ ಗಾಬರಿಯಿಂದ ಹೊಳೆಯ ಕಡೆ ನೋಡುತ್ತಾಳೆ. ನಾಳೆ ಬೆಳಗ್ಗೆ ಅಲ್ಲಿಂದ ಶುರು.