ಮಗಳ ಜೊತೆ ಕೂತು ಒಂದು ಶಿಕಾರಿ ಕಥೆ ಓದಿದ್ದು

ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅವಳ ಇಂಗ್ಲಿಷ್ ಪಾಠಕ್ಕೆ ರಿಚರ್ಡ್ ಕಾನೆಲ್ ಬರೆದ ‘ದಿ ಮೋಸ್ಟ್ ಡೇಂಜರಸ್ ಗೇಮ್’ ಬಂತು. 1924ರಲ್ಲಿ ಅಚ್ಚಾದ ಕಥೆ. ಇಲ್ಲಿ ಅದರ ಕಾಪಿರೈಟ್ 2020ಕ್ಕೇ ಮುಗಿದಿದೆ, ಹಾಗಾಗಿ ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅವಳು ಬರೆಯಬೇಕಿದ್ದದ್ದು ಒಂದೇ ಪ್ರಶ್ನೆಗೆ: ರೇನ್ಸ್‌ಫರ್ಡ್ ಕೊನೆಗೆ ಬದಲಾದನಾ? ನಾನೋ ಕಂಪ್ಯೂಟರ್ ಕೆಲಸದವನು, ಕಥೆಗೆ ಉತ್ತರ ಬರೆದು ಎಷ್ಟೋ ವರ್ಷವಾಗಿತ್ತು. ಆದರೂ “ಬಾ, ನೋಡೋಣ” ಎಂದು ಕೂತೆ.

ಮೊದಲ ಸಲ ಇಬ್ಬರೂ ಸುಮ್ನೆ ಓದಿದೆವು, ಪೆನ್ನು ಮುಟ್ಟಲಿಲ್ಲ. ರೇನ್ಸ್‌ಫರ್ಡ್ ದೊಡ್ಡ ಶಿಕಾರಿ. ಜಾಗ್ವಾರ್ ಬೇಟೆಗೆಂದು ಹೊರಟವನು ರಾತ್ರಿ ಹಡಗಿನಿಂದ ಕೆರಿಬಿಯನ್ ಸಮುದ್ರಕ್ಕೆ ಬೀಳುತ್ತಾನೆ, ಈಜಿ ಒಂದು ದ್ವೀಪ ಸೇರುತ್ತಾನೆ. ಅಲ್ಲಿರುವ ಜನರಲ್ ಜಾರಾಫ್‌ಗೆ ಪ್ರಾಣಿ ಬೇಟೆ ಬೇಜಾರಾಗಿ ಹೋಗಿದೆ. ಯೋಚನೆ ಮಾಡಬಲ್ಲ ಪ್ರಾಣಿ ಬೇಕು ಅವನಿಗೆ, ಅಂದರೆ ಮನುಷ್ಯ. ಒಂದು ಚಾಕು, ಒಂದಿಷ್ಟು ಊಟ ಕೊಟ್ಟು ಕಾಡಿಗೆ ಬಿಡುತ್ತಾನೆ. ಮೂರು ದಿನ ಸಿಗದಿದ್ದರೆ ನೀನು ಗೆದ್ದೆ.

ಮಗಳು ಸಿಕ್ಕಿಹಾಕಿಕೊಂಡದ್ದು ಹೆಸರಿನಲ್ಲಿ. ‘ಗೇಮ್’ ಅಂದರೆ ಆಟ, ಅಷ್ಟೇ ಗೊತ್ತಿತ್ತು ಅವಳಿಗೆ. ನಮ್ಮಜ್ಜ ತೀರ್ಥಹಳ್ಳಿ ಕಡೆಯವರು, ಚಿಕ್ಕವರಿದ್ದಾಗ ಹಂದಿ ಶಿಕಾರಿಗೆ ಕೋವಿ ಹಿಡಿದು ಹೋಗುತ್ತಿದ್ದರಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವ ಮೊದಲಿನ ಮಾತು. ಬೇಟೆಯ ಪ್ರಾಣಿಗೆ ಅವರು ಹೇಳುತ್ತಿದ್ದದ್ದು ‘ಮಿಕ’. ಅದನ್ನು ಹೇಳಿದ ಮೇಲೆ ಅವಳಿಗೆ ಹೆಸರಿನ ಎರಡನೇ ಅರ್ಥ ಹೊಳೆಯಿತು, ‘ಗೇಮ್’ ಅಂದರೆ ಬೇಟೆಯ ಪ್ರಾಣಿ ಕೂಡ. ನೋಡಿ, ನಾವು ಮೋಸ ಹೋಗುವವನನ್ನು ಕಂಡರೂ “ಒಳ್ಳೆ ಮಿಕ ಸಿಕ್ಕಿತು” ಅನ್ನುತ್ತೇವಲ್ವಾ, ಕಾನೆಲ್ ಒಂದು ಕಥೆ ಪೂರ್ತಿ ಬರೆದು ಹೇಳಿದ್ದನ್ನು ಕನ್ನಡ ಒಂದು ಪದದಲ್ಲಿ ಎಂದೋ ಇಟ್ಟುಕೊಂಡಿದೆ!

ಎರಡನೇ ಓದಿಗೆ ಪ್ರಿಂಟ್ ತೆಗೆದು ಎರಡು ಬಣ್ಣದ ಪೆನ್ಸಿಲ್ ಹಿಡಿದೆವು. ರೇನ್ಸ್‌ಫರ್ಡ್ ಬೇಟೆಗಾರನ ಹಾಗೆ ಯೋಚಿಸಿದರೆ ನೀಲಿ, ಪ್ರಾಣಿಯ ಹಾಗಾದರೆ ಕೆಂಪು. ಮೊದಲ ಪುಟದಲ್ಲೇ ಗಟ್ಟಿ ನೀಲಿ ಬಿತ್ತು. ಬೇಟೆ ಮಜಾ ಬೇಟೆಗಾರನಿಗೆ, ಜಾಗ್ವಾರಿಗಲ್ಲ ಎಂದು ಗೆಳೆಯ ವಿಟ್ನಿ ಅಂದರೆ, ಅದಕ್ಕೇನು ಅನ್ನಿಸುತ್ತದೆ ಅನ್ನೋದು ಯಾರಿಗೆ ಬೇಕು ಎಂದು ಇವನು ಜಾಡಿಸುತ್ತಾನೆ. ಕೆಂಪು ಬರುವುದು ಕಾಡಿನಲ್ಲಿ. ಇವನು ಮರ ಹತ್ತಿ ಅಡಗಿರುತ್ತಾನೆ. ಜಾರಾಫ್ ಬುಡಕ್ಕೇ ಬಂದು, ಕಣ್ಣನ್ನು ಮೇಲಕ್ಕೆ ಹರಿಸುತ್ತಾ, ಇವನಿರುವ ಕೊಂಬೆ ಇನ್ನೇನು ಬಂತು ಅನ್ನುವಾಗ ನಿಲ್ಲಿಸಿ, ನಕ್ಕು, ಸಿಗರೇಟಿನ ಹೊಗೆಯಲ್ಲಿ ಒಂದು ಉಂಗುರ ಬಿಟ್ಟು ಹೊರಟುಹೋಗುತ್ತಾನೆ. ಬೆಕ್ಕು ಇಲಿಯನ್ನು ಆಡಿಸುವ ಹಾಗೆ. ಮುಂದೆ ನಾಯಿಗಳು ಬೆನ್ನಿಗೆ ಬಿದ್ದಾಗ, ಓಡಲು ದಾರಿಯಿಲ್ಲದ ಪ್ರಾಣಿಗೆ ಹೇಗಿರುತ್ತದೆ ಎಂದು ರೇನ್ಸ್‌ಫರ್ಡ್‌ಗೆ ಈಗ ಗೊತ್ತಾಯಿತು ಎಂದೇ ಬರುತ್ತದೆ.

“ಮುಗೀತು, ಬದಲಾದ ಅಂತ ಬರಿ” ಎಂದೆ ನಾನು. ತಪ್ಪಿದ್ದು ಅಲ್ಲೇ. ಮನುಷ್ಯರನ್ನು ಬೇಟೆಯಾಡುವುದು ಕೊಲೆ ಎಂದು ಅವನು ಮೊದಲ ರಾತ್ರಿಯೇ ಜಾರಾಫ್‌ಗೆ ಹೇಳಿದ್ದಾನೆ, ಅದಕ್ಕೆ ಅವನು ಬದಲಾಗಬೇಕಿರಲಿಲ್ಲ. ಬದಲಾಗಬೇಕಿದ್ದದ್ದು ಜಾಗ್ವಾರಿನ ವಿಷಯದಲ್ಲಿ. ಅದರ ಬಗ್ಗೆ ಆಮೇಲೆ ಒಂದು ಮಾತೂ ಇಲ್ಲ. ಕೊನೆಯಲ್ಲಿ ರೇನ್ಸ್‌ಫರ್ಡ್ ಜಾರಾಫ್‌ನ ಮಲಗುವ ಕೋಣೆಗೆ ಬರುತ್ತಾನಲ್ಲ, ಆಗ ಆಟ ಮುಗಿಯಿತು, ನೀನು ಗೆದ್ದೆ ಎಂದು ಜಾರಾಫ್ ಅಂದರೂ, ನಾನಿನ್ನೂ ಮೂಲೆಗೆ ಸಿಕ್ಕ ಪ್ರಾಣಿಯೇ ಎಂದು ಹೇಳಿ ಮೇಲೆ ಬೀಳುತ್ತಾನೆ. ನೀಲಿಯೋ ಕೆಂಪೋ ನೀವೇ ಹೇಳಿ. ಮಗಳು ಎರಡೂ ಬಳಿದಳು.

ಮೂರನೇ ಓದು ಅವಳದೇ ಯೋಚನೆ. ಕಥೆಯಲ್ಲಿ ಏನೇನು ಇಲ್ಲ ಅನ್ನುವುದನ್ನು ಮಾತ್ರ ಹುಡುಕೋಣ ಎಂದಳು. ಕೊನೆಯ ಕಾದಾಟ ಇಲ್ಲ. ಸೋತವನು ನಾಯಿಗಳಿಗೆ ಊಟ, ಗೆದ್ದವನಿಗೆ ಈ ಹಾಸಿಗೆ ಎಂದು ಜಾರಾಫ್ ಅನ್ನುತ್ತಾನೆ. ಆಮೇಲೆ ಒಂದೇ ವಾಕ್ಯ, ಇಷ್ಟು ಒಳ್ಳೆ ಹಾಸಿಗೆಯಲ್ಲಿ ತಾನೆಂದೂ ಮಲಗಿರಲಿಲ್ಲ ಎಂದು ರೇನ್ಸ್‌ಫರ್ಡ್‌ಗೆ ಅನ್ನಿಸಿತು. ಅಲ್ಲಿಗೆ ಕಥೆ ಮುಗಿಯುತ್ತದೆ. ಇದನ್ನು ನಾನೂ ಗುರುತು ಹಾಕಿದ್ದೆ. ನನಗೆ ಕಾಣದ್ದು ಬೇರೆ.

“ಅಪ್ಪಾ, ನೆಲಮಾಳಿಗೆಯಲ್ಲಿ ಇದ್ದವರು ಏನಾದರು?”

ಹೌದಲ್ಲ! ಬಂಡೆಗೆ ಬಡಿದ ಸ್ಪೇನಿನ ಹಡಗಿನ ಹತ್ತು-ಹನ್ನೆರಡು ನಾವಿಕರು ಕೆಳಗೆ ಇದ್ದಾರೆಂದು ಜಾರಾಫ್ ಊಟದ ಹೊತ್ತಿನಲ್ಲೇ ಹೇಳಿರುತ್ತಾನೆ. ಆಮೇಲೆ ಅವರ ಸುದ್ದಿ ಎಲ್ಲೂ ಬರುವುದಿಲ್ಲ. ಅವರ ಬಾಗಿಲು ತೆಗೆದನೋ ಇಲ್ಲವೋ, ರೇನ್ಸ್‌ಫರ್ಡ್ ಅಂತೂ ಮೇಲೆ ಚೆನ್ನಾಗಿ ಮಲಗಿದ್ದಾನೆ. ಅವಳು ನನ್ನ ಎರಡು ಪ್ಯಾರಾ ಹೊಡೆದುಹಾಕಿ, ಉತ್ತರವನ್ನು ಆ ನೆಲಮಾಳಿಗೆಯಿಂದಲೇ ಶುರುಮಾಡಿದಳು.